ಸಾಕು ಎನ್ನುವ ಜಾಗ

“ಟೈಮ್ ನೋಡ್ದೆ ಅಷ್ಟೇ ಭಾವ. ನೋಡಿದ್ರೆ ಖರ್ಚಾಗತ್ತಾ ಅದು?” ಎಂದ ಭಾಮೈದ.

ಅವನು ಕ್ಷೌರಿಕ. ಗಿರಾಕಿಯನ್ನು ನಗಿಸುವುದು ಕಸುಬಿನ ಅರ್ಧ ಪಾಲು ಎಂದು ನಂಬಿದವನು. ತನ್ನ ಮಾತಿಗೆ ತಾನೇ ಮೊದಲು ನಗುವ ಅಭ್ಯಾಸ. ನಗು ಇನ್ನೂ ಬಾಯಲ್ಲಿರುವಾಗಲೇ ಮೊದಲ ಏಟು ಬಿತ್ತು. ಎರಡನೆಯದಕ್ಕೆ ತುಟಿ ಸೀಳಿತು. ಮೂರನೆಯದನ್ನು ತಡೆಯಲು ಅವನು ಬಲಗೈ ಅಡ್ಡ ತಂದ. ಅದೇ ತಪ್ಪಾಯಿತು. ಅಕ್ಕನ ಗಂಡ ಆ ಕೈಯನ್ನು ಮಣಿಕಟ್ಟಿನ ಹತ್ತಿರ ಹಿಡಿದು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಬಡಿದ. ಮತ್ತೆ ಬಡಿದ. ಇನ್ನೊಮ್ಮೆ ಬಡಿದಾಗ ಒಂದು ಸಣ್ಣ ಸದ್ದಾಯಿತು.

ಬಡಿದವನು ಹಳೆಯ ಕಟ್ಟಡಗಳನ್ನು ಒಡೆಯುವ ಕೆಲಸದವನು. ಗಾರೆ ಬಿರಿಯುವ ಸದ್ದು, ಇಟ್ಟಿಗೆ ಸೀಳುವ ಸದ್ದು, ತೊಲೆ ಮುರಿಯುವ ಮುಂಚೆ ನರಳುವ ಸದ್ದು, ಎಲ್ಲವನ್ನೂ ಕಣ್ಣುಮುಚ್ಚಿ ಹೇಳಬಲ್ಲ. ಇದು ಆ ಪೈಕಿ ಯಾವುದೂ ಅಲ್ಲವೆಂದು ತಿಳಿದ ಮೇಲೆಯೇ ಕೈ ಬಿಟ್ಟದ್ದು. ಭಾಮೈದ ಚೌಕಟ್ಟಿಗೆ ಬೆನ್ನು ಸವರುತ್ತಾ ನೆಲಕ್ಕೆ ಕುಸಿದು, ತನ್ನ ಕೈಯನ್ನು ಯಾರದೋ ಕೈಯೆಂಬಂತೆ ನೋಡಿದ. ಅಂಗೈ ಇರಬೇಕಾದ ಕಡೆಗೆ ಇರಲಿಲ್ಲ.

ಹೆಂಡತಿ ಹಿತ್ತಲಿನಿಂದ ಒಗೆದ ಬಟ್ಟೆಯ ಬಕೆಟ್ಟಿನೊಂದಿಗೆ ಒಳಗೆ ಬಂದಳು. ತಮ್ಮನನ್ನು ನೋಡಿದಳು, ಚೌಕಟ್ಟಿನ ಮೇಲಿನ ರಕ್ತ ನೋಡಿದಳು, ಮೇಜಿನ ಮೇಲೆ ತೆರೆದಿದ್ದ, ವಾಚುಗಳಿಡುವ ಬಿಸ್ಕತ್ತಿನ ಡಬ್ಬಿ ನೋಡಿದಳು. ಬಕೆಟ್ಟು ಕೆಳಗಿಟ್ಟಳು.

“ರೀ, ಮನೆಗೂ ತಂದ್ರಾ ನಿಮ್ಮ ಕೆಲಸಾನ?”

“ವಾಚು ಮುರಿದು ಹಾಕಿದಾನೆ.”

“ಮುರಿದಿದ್ದು ನೀವು,” ಎಂದು ಅವಳು ಒದ್ದೆ ಸೀರೆಯೊಂದನ್ನು ಹರಿದು ತಮ್ಮನ ಕೈಗೆ ಸುತ್ತತೊಡಗಿದಳು. ಅದು ಅವಳ ಒಳ್ಳೆಯ ಸೀರೆ.

ಜೊತೆಗಾರರು ಅವನನ್ನು ಭೂಕಂಪ ಎಂದು ಕರೆಯುತ್ತಿದ್ದರು. ಮೂರು ಜನ ಮಧ್ಯಾಹ್ನದವರೆಗೆ ಬೀಳಿಸುವ ಗೋಡೆಯನ್ನು ಅವನೊಬ್ಬನೇ ಹನ್ನೊಂದಕ್ಕೆ ಮಲಗಿಸುತ್ತಾನೆಂದು ಹೊಗಳಿಕೆಯ ಹೆಸರು. ಈ ಭೂಕಂಪನಿಗೆ ಇದ್ದ ಒಂದೇ ಹುಚ್ಚು ಕೈಗಡಿಯಾರ. ಅದೂ ಎಂಥೆಂಥದೋ ಅಲ್ಲ. ಬೆಳಗ್ಗೆ ಎದ್ದು ಕೀ ಕೊಡಬೇಕಾದ, ತೆಳ್ಳನೆಯ, ಒಳ್ಳೆಯ ಮನೆತನದ ಸ್ವಿಸ್ ವಾಚು. ದಿನವಿಡೀ ಸಮ್ಮಟ್ಟಿಗೆ ಎತ್ತುವವನಿಗೆ ಕೂದಲೆಳೆಯಂಥ ಸ್ಪ್ರಿಂಗಿನ ಮೋಹ ಎಲ್ಲಿಂದ ಅಂಟಿತೋ ಅವನಿಗೇ ಗೊತ್ತಿರಲಿಲ್ಲ. ಯಾರಾದರೂ ಕೇಳಿದರೆ, “ಅದು ಬಡಿಯತ್ತೆ, ಆದ್ರೆ ಏನನ್ನೂ ಒಡಿಯಲ್ಲ” ಎನ್ನುತ್ತಿದ್ದ. ಕೇಳುವವರೂ ಹೆಚ್ಚಿರಲಿಲ್ಲ.

ಅವನ ಕೂಲಿಗೆ ಅಂಥ ವಾಚು ಅಂಗಡಿಯ ಗಾಜಿನಾಚೆ ನಿಂತು ನೋಡುವಂಥದು. ಅವನು ಕಂಡುಕೊಂಡದ್ದು ಬೇರೆ ದಾರಿ. ಮನೆ ಒಡೆಯುವ ಹಿಂದಿನ ದಿನ ಸತ್ತವರ ಮಕ್ಕಳು ಸಾಮಾನು ಸಾಗಿಸಲು ಬರುತ್ತಾರೆ. ಮಂಚಕ್ಕೆ ಜಗಳ, ಬೀರುವಿಗೆ ಜಗಳ, ಯಾರಿಗೂ ಬೇಡದ ಹೊಲಿಗೆ ಯಂತ್ರಕ್ಕೂ ಜಗಳ. ಅಪ್ಪನ ನಿಂತುಹೋದ ವಾಚನ್ನು ಮಾತ್ರ ಯಾರೂ ಕೇಳುವುದಿಲ್ಲ. ಅಂದು ಇವನು ಸ್ನಾನ ಮಾಡಿ, ಇಸ್ತ್ರಿಯ ಅಂಗಿ ಹಾಕಿಕೊಂಡು ಗೇಟಿನ ಹತ್ತಿರ ನಿಂತು, “ಹಳೇ ವಾಚು ಏನಾದ್ರೂ ಇದ್ರೆ ನನಗೆ ಕೊಡಿ. ಬಿಟ್ಟಿ ಬೇಡ” ಎನ್ನುತ್ತಿದ್ದ. ಹಾಗೆ ಬಂದ ನಾಲ್ಕೈದು ಸಾಧಾರಣ ವಾಚುಗಳನ್ನು ಗಡಿಯಾರ ರಿಪೇರಿಯ ಮುದುಕರೊಬ್ಬರ ಹತ್ತಿರ ಕೊಟ್ಟು ಒಂದು ಉತ್ತಮವಾದದ್ದಕ್ಕೆ ಬದಲಾಯಿಸಿಕೊಳ್ಳುತ್ತಿದ್ದ. ಬೀಡಿ ಬಿಟ್ಟ. ಬಸ್ಸು ಬಿಟ್ಟು ನಡೆದ. ಹದಿನೆಂಟು ವರ್ಷಕ್ಕೆ ಮೂರು ವಾಚಾದವು. ಮೂರನೆಯದು ಒಬ್ಬ ನ್ಯಾಯಾಧೀಶರದು. ಕೆನೆಬಣ್ಣದ ಮುಖ, ಕಡುನೀಲಿ ಮುಳ್ಳು. ಮಗಳು ಅದನ್ನು ಕೊಟ್ಟ ಮರುದಿನವೇ ಆ ನ್ಯಾಯಾಧೀಶರು ಕಣ್ಣುಮುಚ್ಚಿದ ಕೋಣೆಯನ್ನು ಇವನು ನೆಲಸಮ ಮಾಡಿದ್ದ.

ಕೆಲಸಕ್ಕೆ ಹಾಕಿಕೊಂಡು ಹೋಗುವಂತಿಲ್ಲ, ಒಂದೇ ಪೆಟ್ಟಿಗೆ ಹೋಗುತ್ತದೆ. ಭಾನುವಾರ ತುಂಬು ತೋಳಿನ ಅಂಗಿಯ ಒಳಗೆ ಕಟ್ಟಿಕೊಂಡು ಕೆರೆಯವರೆಗೆ ನಡೆದು ಬರುತ್ತಿದ್ದ.

“ತೋಳೊಳಗೆ ಬಚ್ಚಿಟ್ಕೊಂಡು ಓಡಾಡೋಕೆ ಸ್ವಿಸ್ಸೇ ಬೇಕಾ? ಒಂದು ಈರುಳ್ಳಿ ಕಟ್ಕೊಂಡ್ರೂ ಆಗ್ತಿತ್ತು,” ಎನ್ನುತ್ತಿದ್ದಳು ಹೆಂಡತಿ. ಹಾಗೆನ್ನುತ್ತಲೇ ಅವನ ಅಂಗಿಯ ಗುಂಡಿ ಹಾಕಿ ಕೊಡುತ್ತಿದ್ದಳು. ಎರಡು ವರ್ಷದಿಂದ ಗುಂಡಿ ಅವಳದೇ ಕೆಲಸ. ಗುತ್ತಿಗೆದಾರ ಸಮ್ಮಟ್ಟಿಗೆಗಳನ್ನು ಮೂಲೆಗೆ ಹಾಕಿ ಬ್ರೇಕರ್ ಎಂಬ ಮೆಷಿನ್ನು ತಂದಿದ್ದ. ಹಿಡಿದರೆ ಹಲ್ಲಿನ ಬುಡದವರೆಗೆ ನಡುಗಿಸುವ ಯಂತ್ರ. ಅದು ಬಂದ ಮೇಲೆ ಚಳಿಯ ಬೆಳಗುಗಳಲ್ಲಿ ಅವನ ಬೆರಳ ತುದಿ ಸುಣ್ಣದ ಹಾಗೆ ಬಿಳಿಚಿಕೊಳ್ಳುತ್ತಿತ್ತು. ಒಮ್ಮೆ ಒಲೆ ಹಚ್ಚಲು ಹೋಗಿ ಕಡ್ಡಿ ಉರಿದು ಬೆರಳಿಗೆ ಬಂದರೂ ಗೊತ್ತಾಗದೆ, ಸುಟ್ಟ ವಾಸನೆ ಬಂದ ಮೇಲೆ ಕೈ ಒದರಿದ. “ಚರ್ಮ ದಪ್ಪ ಆಯ್ತು ಕಣೇ, ಲಾಭವೇ” ಎಂದು ನಕ್ಕಿದ್ದ.

ಏಟು ಬೀಳುವ ಎರಡು ದಿನ ಮುಂಚೆ, ಭಾನುವಾರ, ಅವನು ಸ್ನಾನಕ್ಕೆ ಹೋದಾಗ ಅವರ ಜೊತೆಯಲ್ಲೇ ಇದ್ದ ಭಾಮೈದ ನ್ಯಾಯಾಧೀಶರ ವಾಚನ್ನು ಕಟ್ಟಿಕೊಂಡು ಹೊರಟಿದ್ದ. ದೊಡ್ಡ ರಸ್ತೆಯಲ್ಲಿ ಒಂದು ಮಳಿಗೆ ಖಾಲಿ ಇತ್ತು. ಅದರ ಮಾಲೀಕನ ಮುಂದೆ ಸ್ವಲ್ಪ ಗಣ್ಯನಾಗಿ ಕಾಣಬೇಕಿತ್ತು. ಸಂಜೆಯೊಳಗೆ ವಾಚು ಡಬ್ಬಿಗೆ ವಾಪಸು ಬಂತು. ಮಂಗಳವಾರ ಬೆಳಗ್ಗೆ ಕೀ ಕೊಡುವಾಗ ಒಳಗೆ ಏನೋ ಜಾರಿದ ಹಾಗಾಯಿತು. ಸಂಜೆ ಬಂದು ನೋಡಿದರೆ ಮುಳ್ಳು ನಿಂತಿತ್ತು, ಕೀ ಕೊಡುವ ಗುಂಡಿ ಎಷ್ಟು ತಿರುಗಿಸಿದರೂ ಪೊಳ್ಳಾಗಿ ತಿರುಗುತ್ತಿತ್ತು. ಯಾರು ಮುಟ್ಟಿದರು ಎಂದು ಕೇಳಿದಾಗ ಭಾಮೈದ ಮುಚ್ಚಿಡಲಿಲ್ಲ. ಮುಚ್ಚಿಡುವಂಥದೇನೂ ಇದೆ ಎಂದು ಅವನಿಗೆ ಅನ್ನಿಸಿರಲಿಲ್ಲ.

ಆಸ್ಪತ್ರೆಯಲ್ಲಿ ಹೆಂಡತಿ, ಮೆಟ್ಟಿಲಿಂದ ಬಿದ್ದ ಎಂದಳು. ಒಂದೇ ಅಂತಸ್ತಿನ ಬಾಡಿಗೆ ಮನೆ. ಎರಡು ಕಡೆ ಮುರಿದಿದೆ, ಕೂಡಿಕೊಂಡ ಮೇಲೂ ಸೂಕ್ಷ್ಮದ ಕೆಲಸಕ್ಕೆ ಬರುವುದು ಸಂಶಯ ಎಂದರು ವೈದ್ಯರು. ಕತ್ತಿನ ಮೇಲೆ ಕತ್ತಿ ಆಡಿಸುವುದಕ್ಕಿಂತ ಸೂಕ್ಷ್ಮದ ಕೆಲಸ ಯಾವುದಿದೆಯೋ ಅವಳಿಗೆ ತಿಳಿಯಲಿಲ್ಲ. ಭಾಮೈದ ಹೊಲಿದ ತುಟಿಯಲ್ಲೇ, “ಹೇಳಿ ಡಾಕ್ಟ್ರೇ, ಯಾವ ಮೆಟ್ಟಿಲೂ ಹೀಗೆ ಮೂರು ಸಲ ಹೊಡಿಯಲ್ಲ ಅಲ್ವಾ?” ಎಂದನಂತೆ. ಅಲ್ಲಿಂದ ನೇರ ತನ್ನ ಅಂಗಡಿಗೆ ಹೋಗಿ ಬೆಂಚಿನ ಮೇಲೆ ಹಾಸಿಗೆ ಹಾಸಿಕೊಂಡ.

ಹೆಂಡತಿ ಮನೆಗೆ ಬಂದು ಒಂದೇ ಮಾತು ಆಡಿದಳು. “ಅವನು ಈ ಮನೆಗೆ ಬರೋವರೆಗೂ ನನ್ನ ಬಾಯಿಂದ ನಿಮಗೆ ಮಾತಿಲ್ಲ.”

“ಮುರಿದಿದ್ದು ಅವನೇ ಅಂತ ನಾನು ತೋರಿಸಿಕೊಟ್ರೆ?”

“ತೋರ್ಸಿ,” ಎಂದಳು. “ಆಮೇಲೆ?”

ಅದೇ ಕೊನೆ. ಮರುದಿನದಿಂದ ಪಾತ್ರೆಗಳು ಮಾತಾಡಿದವು. ತಟ್ಟೆ ನೆಲಕ್ಕೆ ಬಡಿದರೆ ಊಟ, ಲೋಟ ಬಡಿದರೆ ನೀರು. ಅಂಗಿಯ ಗುಂಡಿಗೆ ಅವಳ ಕೈ ಬರಲಿಲ್ಲ. ಅವನು ತಲೆಯ ಮೇಲಿಂದ ಎಳೆದುಕೊಳ್ಳುವ ಬನಿಯನ್ನಿನಲ್ಲೇ ಕೆಲಸಕ್ಕೆ ಹೋದ.

ಆ ವಾರ ಅವರು ಒಡೆಯುತ್ತಿದ್ದದ್ದು ಹಳೆಯ ಸಿನಿಮಾ ಮಂದಿರವೊಂದನ್ನು. ಬಾಲ್ಕನಿಯ ಗೋಡೆಯ ಮೇಲೆ ಬ್ರೇಕರ್ ಊರಿ ನಿಂತರೆ ಕಾಲಡಿಯ ಇಟ್ಟಿಗೆಗಳು ಹಲ್ಲು ಕಡಿಯುತ್ತಿದ್ದವು. ಕೆಳಗೆ ಕಲ್ಲು ಆರಿಸುತ್ತಿದ್ದ ಕುಳ್ಳ ತಲೆ ಎತ್ತಿ ಕೂಗಿದ:

“ಏನ್ ಭೂಕಂಪ, ಮೊನ್ನೆ ಮನೇಲೇ ಅಲ್ಲಾಡ್ತಂತೆ? ಎಷ್ಟು ಜನ ಸಾವು?”

ಉತ್ತರವಾಗಿ ಅರ್ಧ ಇಟ್ಟಿಗೆ ಹೋಯಿತು. ಕುಳ್ಳ ಬಗ್ಗದಿದ್ದರೆ ಅವನ ಪ್ರಶ್ನೆಗೆ ಲೆಕ್ಕ ಅಲ್ಲಿಂದಲೇ ಶುರುವಾಗುತ್ತಿತ್ತು. ಇಟ್ಟಿಗೆ ಅವನ ಭುಜ ಕೆತ್ತಿಕೊಂಡು ಹಿಂದಿನ ಕಂಬಕ್ಕೆ ಬಡಿದು ಪುಡಿಯಾಯಿತು. ಕುಳ್ಳ ಹಾರೆ ಎತ್ತಿಕೊಂಡು ಮೆಟ್ಟಿಲಿಗೆ ನುಗ್ಗಿದ. ಮೇಸ್ತ್ರಿ ಮತ್ತಿಬ್ಬರು ಸೇರಿ ಅವನ ಸೊಂಟ ಹಿಡಿದರು.

“ಇಳಿಯೋ ಕೆಳಗೆ!” ಎಂದು ಮೇಸ್ತ್ರಿ ಅರಚಿದ. “ಗೋಡೆ ಒಡಿಯೋಕೆ ಕೂಲಿ ಕೊಡ್ತಾರೆ, ತಲೆ ಒಡಿಯೋಕಲ್ಲ. ಹೋಗು, ಇವತ್ತು ಮುಖ ತೋರಿಸ್ಬೇಡ.”

ಅವನು ಇಳಿದು ಸೀದಾ ಗಡಿಯಾರದ ಮುದುಕರ ಹತ್ತಿರ ಹೋದ. ಜೇಬಿನಲ್ಲಿ ಮೂರೂ ವಾಚಿದ್ದವು. ಈಗೀಗ ಅವನ್ನು ಮನೆಯಲ್ಲಿ ಬಿಡುತ್ತಿರಲಿಲ್ಲ. ಕೆಲಸದ ಹೊತ್ತಿಗೆ ಬಟ್ಟೆಯಲ್ಲಿ ಸುತ್ತಿ ಮೇಸ್ತ್ರಿಯ ಪೆಟ್ಟಿಗೆಯಲ್ಲಿ ಇಟ್ಟಿರುತ್ತಿದ್ದ.

ಮುದುಕರ ಅಂಗಡಿ ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಸಂದಿ. ಗೋಡೆಯ ಹದಿನಾಲ್ಕು ಗಡಿಯಾರಗಳಲ್ಲಿ ಯಾವ ಎರಡಕ್ಕೂ ಒಮ್ಮತವಿರಲಿಲ್ಲ. ಯಾರಾದರೂ ಸರಿಯಾದ ಟೈಮ್ ಕೇಳಿದರೆ, “ಎದುರಿನ ಬ್ಯಾಂಕಲ್ಲಿ ಕೇಳಿ, ನಾನು ರಿಪೇರಿಯವನು” ಎನ್ನುತ್ತಿದ್ದರು. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ನ್ಯಾಯಾಧೀಶರ ವಾಚಿನ ಬೆನ್ನು ಬಿಚ್ಚಿದರು.

“ನನ್ನ ಭಾಮೈದ ಬೀಳಿಸಿದಾನೆ. ಹೌದು ಅಂತ ಹೇಳಿ ಸಾಕು.”

“ಬಿದ್ದಿದ್ರೆ ಇದು ಹೋಗ್ತಿತ್ತು,” ಎಂದು ಚಿಮಟದ ತುದಿಯಿಂದ ಕೂದಲಿನಂಥ ಅಚ್ಚೊಂದನ್ನು ತೋರಿಸಿದರು. “ಇದು ಮದುಮಗಳ ಹಾಗಿದೆ. ಹೋಗಿರೋದು ಈ ಚಕ್ರ. ಬನ್ನಿ, ನೀವೇ ನೋಡಿ.”

ಗಾಜಿನೊಳಗೆ ಒಂದು ಹಲ್ಲುಚಕ್ರ ದೊಡ್ಡದಾಗಿ ಕಂಡಿತು. ಮೂರು ಹಲ್ಲು ಮುರಿದಿದ್ದವು. ಉಳಿದವು ಗಾಳಿಗೆ ಸಿಕ್ಕ ಪೈರಿನ ಹಾಗೆ ಒಂದೇ ಕಡೆಗೆ ಬಾಗಿದ್ದವು.

“ಮುರಿದಿದ್ದು ಹೊಸದು. ಬಾಗಿರೋದು ಹಳೇದು. ಒಂದು ದಿನದ ಪೆಟ್ಟಲ್ಲ ಇದು. ದಿನಾ ಬೆಳಗ್ಗೆ ವಾಚು ಸಾಕು ಅಂದಿದೆ, ಕೀ ಕೊಟ್ಟ ಕೈ ಇನ್ನೊಂಚೂರು ಇರ್ಲಿ ಅಂದಿದೆ.”

“ಕೀ ಕೊಡೋದು ನಾನು.”

“ಗೊತ್ತು. ಕಲಿಸಿದ್ದು ನಾನೇ.”

ಹೌದು, ಅವರೇ ಕಲಿಸಿದ್ದು. ಸುತ್ತು ಎಣಿಸಬೇಡಿ, ಎಣಿಸೋರು ಗುಮಾಸ್ತರು; ಬೆರಳಿಗೇ ಅದು ಹೇಳತ್ತೆ, ಮೆತ್ತಗೆ ಎದುರು ಒತ್ತತ್ತೆ, ಅಲ್ಲಿ ಬಿಟ್ಟುಬಿಡಿ ಎಂದಿದ್ದರು. ಹದಿನಾರು ವರ್ಷ ಅವನು ಆ ಜಾಗಕ್ಕಾಗಿಯೇ ಬೆಳಗಾಗುವುದನ್ನು ಕಾಯುತ್ತಿದ್ದ. ಬೆರಳ ತುದಿಗೆ ಯಾರೋ ಮೆಲ್ಲನೆ ತಲೆಯಾನಿಸಿದ ಹಾಗೆ ಇರುತ್ತಿತ್ತು. ಈಚೆಗೆ ಅದು ತಡವಾಗಿ ಬರುತ್ತಿದೆ ಎನಿಸಿತ್ತು. ವಾಚಿಗೆ ವಯಸ್ಸಾಯಿತು ಎಂದುಕೊಂಡಿದ್ದ.

ಅವನು ಮೇಜಿಗೆ ಗುದ್ದಿದ. ತಟ್ಟೆಯಲ್ಲಿದ್ದ ತಿರುಪುಗಳು ಸಾಸಿವೆಯ ಹಾಗೆ ಸಿಡಿದವು. ಗೋಡೆಯ ಒಂದು ಗಡಿಯಾರ ಕೆಳಗೆ ಬಿದ್ದು ಗಾಜು ಚೂರಾಯಿತು. “ಸುಳ್ಳು! ಅವನನ್ನ ಉಳಿಸೋಕೆ ಹೇಳ್ತಿದೀರಿ. ನಿಮ್ಮ ಕ್ಷೌರ ಮಾಡೋದು ಅವನೇ ಅಲ್ವಾ?” ಎಂದು ಮುದುಕರ ಕಾಲರ್ ಹಿಡಿದು ಮೇಲೆತ್ತಿದ. ಹಗುರವಾದ ದೇಹ, ಕುರ್ಚಿಯಿಂದ ಸಲೀಸಾಗಿ ಎದ್ದು ಬಂತು. ಭೂತಗಾಜು ಕಣ್ಣಿಂದ ಕಳಚಿ ಬಿತ್ತು.

ಮುದುಕರು ಅವನ ಮುಖ ನೋಡಲಿಲ್ಲ. ತಮ್ಮ ಕತ್ತಿನ ಹತ್ತಿರವಿದ್ದ ಬೆರಳುಗಳನ್ನು ನೋಡಿದರು.

“ಕಣ್ಣು ಮುಚ್ಚಿ,” ಎಂದರು, ಉಸಿರಿಗೆ ಜಾಗ ಮಾಡಿಕೊಂಡು. “ಆಮೇಲೆ ಹೊಡೀರಿ. ಒಂದೇ ನಿಮಿಷ ಕಣ್ಣು ಮುಚ್ಚಿ, ಆ ಕೈ ಮೇಜಿನ ಮೇಲಿಡಿ.”

ಯಾಕೋ ಕಾಲರ್ ಬಿಟ್ಟು, ಕೈ ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿದ.

“ಬೆರಳಿನ ಮೇಲೆ ಏನಿಟ್ಟಿದೀನಿ?”

“ಏನೂ ಇಟ್ಟಿಲ್ಲ ನೀವು.”

“ಈಗ?”

“ಆಟ ಆಡ್ತಿದೀರಾ?”

“ನೋಡಿ.”

ಚಿಮಟದ ಮೊನೆ ಅವನ ತೋರುಬೆರಳಿನ ತುದಿಯಲ್ಲಿ ಕುಳಿ ಬೀಳುವಷ್ಟು ಒತ್ತಿ ನಿಂತಿತ್ತು. ಮುದುಕರ ಕೈಯ ನರಗಳು ಉಬ್ಬಿದ್ದವು. ಅವನು ಅದನ್ನು ಬೇರೆಯವರ ಬೆರಳು ನೋಡುವಂತೆ ನೋಡಿದ.

ಉಳಿದ ಎರಡು ವಾಚುಗಳನ್ನೂ ಅವರು ಬಿಚ್ಚಿದರು. ಎರಡರಲ್ಲೂ ಹಲ್ಲುಗಳು ಬಾಗಿದ್ದವು, ಮುರಿಯಲು ಇನ್ನೂ ಸ್ವಲ್ಪ ದಿನವಿತ್ತು. “ಇವನ್ನೂ ಅವನು ಹಾಕ್ಕೊಂಡಿದ್ನಾ?” ಎಂದು ಕೇಳಿದರು. ಚುಚ್ಚಲೆಂದು ಕೇಳಿದ್ದಲ್ಲ, ರಿಪೇರಿಗೆ ಮುಂಚೆ ಎಲ್ಲರನ್ನೂ ಕೇಳುವ ಧಾಟಿಯಲ್ಲಿ ಕೇಳಿದರು.

ಅವನು ಮಂಡಿಯೂರಿ ತಿರುಪುಗಳನ್ನು ಆರಿಸಲು ಹೋದ. ಒಂದೂ ಬೆರಳಿಗೆ ಸಿಗಲಿಲ್ಲ. “ಬಿಡಿ, ಅಯಸ್ಕಾಂತ ಇದೆ,” ಎಂದರು ಮುದುಕರು.

ನಿಜ ತಿಳಿಯಲು ಒಂದು ಮಧ್ಯಾಹ್ನ ಸಾಕಾಯಿತು. ಅದನ್ನು ಹೇಳಲು ಹೋಗುವುದಕ್ಕೆ ಹನ್ನೆರಡು ದಿನ ಹಿಡಿಯಿತು. ಆ ಹನ್ನೆರಡು ದಿನ ಅವನು ಯಾವ ವಾಚಿಗೂ ಕೀ ಕೊಡಲಿಲ್ಲ. ಕುಳ್ಳನ ಹತ್ತಿರ ಒಂದು ಪೆಟ್ಟು ತಿಂದ, ವಾಪಸು ಕೊಡಲಿಲ್ಲ. ಕುಳ್ಳನಿಗೇ ಗಾಬರಿಯಾಗಿ ಚಹಾ ಕುಡಿಸಿದ. ಮನೆಯಲ್ಲಿ ಚೌಕಟ್ಟಿನ ಮೇಲಿನ ಕಲೆಯನ್ನು ಹೆಂಡತಿ ಒರೆಸಿರಲಿಲ್ಲ. ಪ್ರತಿ ಸಲ ಅಡುಗೆಮನೆಗೆ ಹೋಗುವಾಗ ಅವನು ಭುಜ ಓರೆ ಮಾಡಿಕೊಂಡು ದಾಟುತ್ತಿದ್ದ.

ಹದಿಮೂರನೆಯ ದಿನ ಕೆಲಸಕ್ಕೆ ಹೋಗಲಿಲ್ಲ. ಅವನು ಇಸ್ತ್ರಿಯ ಅಂಗಿ ತೊಟ್ಟು ಗುಂಡಿಗಳ ಜೊತೆ ಕುಸ್ತಿಗೆ ಬಿದ್ದ. ಮೂರನೆಯ ಗುಂಡಿಯ ಹೊತ್ತಿಗೆ ಹಣೆಯಲ್ಲಿ ಬೆವರು ಬಂತು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಕೊನೆಗೆ ಬಂದು ಅವನ ಕೈಗಳನ್ನು ಸೊಪ್ಪು ಸರಿಸುವಂತೆ ಸರಿಸಿ, ತಾನೇ ಹಾಕತೊಡಗಿದಳು.

“ಎಲ್ಲಿಗೆ?” ಎಂದಳು. ಹದಿನೈದು ದಿನದ ಮೇಲೆ ಮೊದಲ ಮಾತು.

“ಕ್ಷೌರಕ್ಕೆ.”

ಅವಳ ಕೈ ನಿಂತಿತು. ಆಮೇಲೆ ಕಾಲರಿನ ಗುಂಡಿಯನ್ನೂ ಹಾಕಿದಳು, ಉಸಿರು ಕಟ್ಟುವಷ್ಟು ಬಿಗಿಯಾಗಿ.

ಭಾಮೈದನ ಅಂಗಡಿಗೆ ಅವನು ಕಾಲಿಡುತ್ತಿದ್ದಂತೆ ಒಳಗೆ ಗುಂಡು ಹಾರಿದಂಥ ಸದ್ದಾಯಿತು. ಕೆಂಪು ಬಲೂನಿನ ಚಿಂದಿ, ಸೋಪಿನ ನೊರೆ ಎಲ್ಲ ಕನ್ನಡಿಗೆ ಹಾರಿದ್ದವು. ಭಾಮೈದನ ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು, ಎಡಗೈಯಲ್ಲಿ ಕತ್ತಿ. ಬಲೂನಿಗೆ ನೊರೆ ಹಚ್ಚಿ ಕತ್ತಿ ಎಳೆಯುವುದು ಕಸುಬು ಕಲಿಯುವವರ ಮೊದಲ ಪಾಠ. ಅವನು ಅದನ್ನು ಹದಿನೇಳನೆಯ ವಯಸ್ಸಿನಲ್ಲಿ ಒಮ್ಮೆ ಮುಗಿಸಿದ್ದ.

“ಬನ್ನಿ ಭಾವ,” ಎಂದ. “ಇನ್ನೊಂದು ಕೈ ಬಾಕಿ ಇದೆ, ಅದಕ್ಕೇ ಬಂದ್ರಾ?”

ಅವನು ಹೋಗಿ ಕುರ್ಚಿಯಲ್ಲಿ ಕೂತ. “ಶೇವ್ ಮಾಡು.”

“ಎಡಗೈ.”

“ಗೊತ್ತು.”

“ಬೆಳಗಿಂದ ಐದು ಬಲೂನು ಸತ್ತಿವೆ.”

“ಸಾಯ್ಲಿ.”

ಭಾಮೈದ ಕತ್ತಿಗಂಟಿದ ಬಲೂನಿನ ಚಿಂದಿ ಒರೆಸಿದ. ಆಮೇಲೆ ಎಡಗೈಗೆ ಬೆಳಕು ಸರಿಬರಲೆಂದು ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿದ. ಕನ್ನಡಿ ಬೆನ್ನಿಗೆ ಬಿತ್ತು. ಬಿಗಿದ ಕಾಲರಿನ ಗುಂಡಿ ಬಿಚ್ಚಿದ, ಬಟ್ಟೆ ಹೊದಿಸಿದ, ಬ್ರಷ್ಷಿನಿಂದ ನೊರೆ ಹಚ್ಚತೊಡಗಿದ.

“ಆ ಮಳಿಗೆ ಸಿಕ್ತಾ?” ಎಂದು ಕೇಳಿದ ಭಾವ.

“ಎಲ್ಲಿ? ಆ ಪುಣ್ಯಾತ್ಮ ನನ್ನ ಮುಖಾನೇ ನೋಡ್ಲಿಲ್ಲ. ವಾಚು ನೋಡಿ ಬಾಡಿಗೆ ಏರಿಸ್ದ.”

“ಅದನ್ನ ನೀನು ಮುರೀಲಿಲ್ಲ. ನಾನೇ ಮುರಿದಿದ್ದು. ಕೀ ಕೊಟ್ಟೂ ಕೊಟ್ಟೂ. ಬೆರಳಿಗೆ ತಿಳಿಯಲ್ಲ ನನಗೆ.”

ಬ್ರಷ್ಷು ದವಡೆಯ ಮೇಲೆ ನಿಂತಿತು.

“ಯಾವಾಗ ಗೊತ್ತಾಯ್ತು?”

“ಹನ್ನೆರಡು ದಿನ ಆಯ್ತು.”

“ಹನ್ನೆರಡು,” ಎಂದ ಭಾಮೈದ. ಬ್ರಷ್ಷನ್ನು ಬಟ್ಟಲಲ್ಲಿಟ್ಟು ಕತ್ತಿ ತೆಗೆದುಕೊಂಡ. ಪ್ಲಾಸ್ಟರಿನ ಬಿರುಸಾದ ಅಂಚಿನಿಂದ ಭಾವನ ಗದ್ದವನ್ನು ಹಿಂದಕ್ಕೆ ತಳ್ಳಿ, ಕತ್ತನ್ನು ಪೂರ್ತಿ ಮೇಲಕ್ಕೆ ಮಾಡಿದ. ಅಲಗು ಕಿವಿಯ ಕೆಳಗೆ ಕೂತಿತು. 

“ಕೈ ಮುರಿದಾಗ ಸದ್ದು ಬಂತಲ್ಲ, ಕೇಳಿಸ್ತಾ ನಿಮಗೆ?”

“ಕೇಳಿಸ್ತು.”

“ಹಿಡಿದಿದ್ರಲ್ಲ, ಅದು ತಿಳೀತಿತ್ತಾ? ಎಷ್ಟು ಬಿಗಿ ಅಂತ?”

ಅವನು ಉತ್ತರಿಸಲು ಬಾಯಿ ತೆರೆದ.

“ಮಾತಾಡ್ಬೇಡಿ. ನುಂಗ್ಲೂಬೇಡಿ.”

ಅಲಗು ಇಳಿಯಿತು. ಗಂಟಲ ಗುಬಟಿನ ಹತ್ತಿರ ಬಂದು ನಿಂತಿತು. ಹೊರಗೆ ಯಾರೋ ಸೈಕಲ್ಲಿನ ಬೆಲ್ಲು ಬಾರಿಸಿಕೊಂಡು ಹೋದರು. ಅವನು ಕುರ್ಚಿಯ ಕೈಗಳನ್ನು ಹಿಡಿದಿದ್ದ. ಹಿಡಿದಿದ್ದೇನೆಂದು ತಿಳಿಯಲು ಬಟ್ಟೆಯ ಅಡಿಯ ಉಬ್ಬನ್ನು ಕಣ್ಣಿಳಿಸಿ ನೋಡಬೇಕಾಯಿತು. ಅಲಗು ಅಲ್ಲೇ ಇತ್ತು. ಬಲೂನಿಗೆ ಬೇಕಾಗುವುದಕ್ಕಿಂತ ತುಸು ಹೆಚ್ಚಿನ ಒತ್ತಡ. ಆಮೇಲೆ ಅದು ಮತ್ತೆ ಚಲಿಸಿತು, ಕರಕರ ಎನ್ನುತ್ತಾ, ಹೊಸದಾಗಿ ನಡೆಯಲು ಕಲಿತವರ ಹಾಗೆ ಒಂದೊಂದೇ ಹೆಜ್ಜೆ.

ಮುಗಿದ ಮೇಲೆ ಅವನು ಬಟ್ಟೆಯ ಅಡಿಯಿಂದ ಕೈ ಹೊರತೆಗೆದು ಜೇಬಿನಿಂದ ಒಂದು ವಾಚು ತೆಗೆದ. ಮೂರರಲ್ಲಿ ಮೊದಲು ಕೊಂಡದ್ದು. ಹನ್ನೆರಡು ದಿನದಿಂದ ನಾಲ್ಕು ಗಂಟೆ ಇಪ್ಪತ್ತು ನಿಮಿಷದಲ್ಲಿ ನಿಂತಿತ್ತು.

“ಇದನ್ನ ನೀನು ಕಟ್ಕೋ.”

“ಯಾವ ಕೈಗೆ?” ಎಂದ ಭಾಮೈದ.

ಆದರೂ ತೆಗೆದುಕೊಂಡ. ಪ್ಲಾಸ್ಟರಿನಿಂದ ಹೊರಗಿಣುಕಿದ ನಾಲ್ಕು ಊದಿದ ಬೆರಳುಗಳಿಗೆ ಅದನ್ನು ಆನಿಸಿ ಹಿಡಿದು, ಎಡಗೈಯ ಎರಡು ಬೆರಳಿಂದ ಗುಂಡಿಯನ್ನು ತಿರುಗಿಸತೊಡಗಿದ. ಗಿರಾಕಿಯ ಮಾತಿಗೆ ಕಿವಿಗೊಡುವವನ ಹಾಗೆ ತಲೆ ಓರೆ ಮಾಡಿಕೊಂಡಿದ್ದ. ತಿರುಗಿಸುತ್ತಾ ಹೋದವನು ಒಂದು ಕಡೆ ತಾನಾಗಿಯೇ ನಿಲ್ಲಿಸಿದ.

“ಸಾಕು ಅಂತಿದೆ,” ಎಂದ.

ವಾಚನ್ನು ಕತ್ತಿಗಳ ಪಕ್ಕ ಇಟ್ಟು, ಬೆನ್ನು ತಿರುಗಿಸಿ ಅಲಗು ಒರೆಸತೊಡಗಿದ. ವಾಚಿನ ಕಿರು ಸದ್ದು ಅಂಗಡಿಯನ್ನೆಲ್ಲ ತುಂಬಿತು.

“ಕತ್ತಿನ ಹತ್ತಿರ ಎಲ್ಲೋ ತಾಗ್ತು ಅನ್ಸತ್ತೆ ಭಾವ. ರಕ್ತ ಬರ್ತಿದೆಯಾ, ನೋಡ್ಕೊಳ್ಳಿ.”

ಅವನು ಗಂಟಲ ಮೇಲೆ ಬೆರಳಾಡಿಸಿದ. ಒಣಗಿದೆಯೋ ಒದ್ದೆಯೋ ಗೊತ್ತಾಗಲಿಲ್ಲ. ಇನ್ನೊಮ್ಮೆ, ನಿಧಾನವಾಗಿ ಸವರಿ, ಬೆರಳುಗಳನ್ನು ಬಾಗಿಲ ಬೆಳಕಿಗೆ ಹಿಡಿದ.